ಕಬ್ಬಿನ ಲಾರಿಯವರಿಗೆ ಫ್ರೆಂಚ್ ಪಿಚ್ಚರ್ ತೋರಿಸಿದ ಕಥೆ

ಹೋದ ತಿಂಗಳು ಮಂಡ್ಯ ಹತ್ತಿರದ ಒಂದು ಆಲೆಮನೆ ಅಂಗಳದಲ್ಲಿ 40 ಚಿಲ್ಲರೆ ಜನ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಬ್ಬಿನ ಲಾರಿ, ಟ್ರ್ಯಾಕ್ಟರ್ ಓಡಿಸೋರು, 1953ರ ಫ್ರೆಂಚ್ ಕಪ್ಪು-ಬಿಳುಪು ಸಿನಿಮಾವನ್ನ ಕನ್ನಡ ಸಬ್‌ಟೈಟಲ್ ಜೊತೆ ಕೊನೆವರೆಗೂ ನೋಡಿದರು. "ಹತ್ತು ನಿಮಿಷಕ್ಕೇ ಎದ್ದು ಹೋಗ್ತಾರೆ ನೋಡು" ಅಂದಿದ್ದ ಗೆಳೆಯರು ಇದನ್ನ ಎರಡು ಸಲ ಓದಿ.

ಸಿನಿಮಾ ಫ್ರೆಂಚ್ ನಿರ್ದೇಶಕ ಕ್ಲೂಜೋ ಅವರ 'ದಿ ವೇಜಸ್ ಆಫ್ ಫಿಯರ್'. ಡಿಸ್ಕ್ ಸಿಕ್ಕಿದ್ದು ಮೈಸೂರಿನಲ್ಲಿ, ಹಳೇ ಪುಸ್ತಕದಂಗಡಿಯ ರಟ್ಟಿನ ಡಬ್ಬದಲ್ಲಿ. 150 ಕೊಟ್ಟೆನೋ 180 ಕೊಟ್ಟೆನೋ. ಕವರ್ ಮೇಲೆ ಲಾರಿ ಇತ್ತು ಅಂತ ಸುಮ್ನೆ ತಗೊಂಡೆ. ಯುರೋಪಿನ ಡಿಸ್ಕ್, ರೀಜನ್ 2, ಅಂದ್ರೆ ಆ ಕಡೆಯ ಪ್ಲೇಯರಿಗೆ ಅಂತಲೇ ಬೀಗ ಹಾಕಿದ್ದು, ಮನೆಯ ಪ್ಲೇಯರ್ ಮೂಸಿಯೂ ನೋಡಲಿಲ್ಲ. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಾಯಿಸೋಕೆ ಐದೇ ಸಲ ಅವಕಾಶ, ಅದರಲ್ಲಿ ನಾಲ್ಕನ್ನ ನಾನು ಬೇರೆ ಹುಚ್ಚಾಟಕ್ಕೆ ಮುಗಿಸಿದ್ದೆ. ಉಳಿದ ಒಂದು ಇದಕ್ಕೆ ಹೋಯಿತು.

ಕಥೆ ಇಷ್ಟು: ದಕ್ಷಿಣ ಅಮೆರಿಕದ ಒಂದು ಕೊಂಪೆ ಊರು. ಎಣ್ಣೆ ಬಾವಿಗೆ ಬೆಂಕಿ ಬಿದ್ದಿದೆ, ಅದನ್ನ ಸ್ಫೋಟಿಸಿಯೇ ಆರಿಸಬೇಕು. ದುಡ್ಡಿಲ್ಲದ ನಾಲ್ವರು ಎರಡು ಲಾರಿ ತುಂಬ ನೈಟ್ರೋಗ್ಲಿಸರಿನ್ ಹೊತ್ತು ಹೊರಡುತ್ತಾರೆ, ಕುಲುಕಿದರೆ ಢಮಾರ್. ಒಂದು ಬೆಟ್ಟದ ತಿರುವಿನಲ್ಲಿ ಲಾರಿ ಒಂದೇ ಸಲಕ್ಕೆ ತಿರುಗಲ್ಲ, ಕಣಿವೆ ಕಡೆ ಚಾಚಿರೋ ಕೊಳೆತ ಹಲಗೆಗಳ ಮೇಲೆ ರಿವರ್ಸ್ ತಗೋಬೇಕು. ರಾತ್ರಿ ಒಬ್ಬನೇ ಕೂತು ನೋಡುವಾಗ ನನ್ನ ಕಾಲು ನೆಲದಲ್ಲಿ ಬ್ರೇಕ್ ಹುಡುಕುತ್ತಿತ್ತು. ನಾಲೆ ಏರಿ ಮೇಲೆ ಲೋಡ್ ಗಾಡಿ ರಿವರ್ಸ್ ತಗೋಳೋ ನಮ್ಮ ಹುಡುಗರಿಗೆ ಇದನ್ನ ತೋರಿಸಲೇಬೇಕು ಅನ್ನಿಸಿತು.

ಸಬ್‌ಟೈಟಲ್ ಕಷ್ಟವೇ ಬೇರೆ. ನನಗೆ ಸಿಕ್ಕ ಇಂಗ್ಲಿಷ್ ಸಬ್‌ಟೈಟಲ್ ಫೈಲ್ ಸೆಕೆಂಡಿಗೆ 24 ಫ್ರೇಮ್ (ಚಿತ್ರ) ಓಡೋ ಪ್ರತಿಗೆ ಮಾಡಿದ್ದು, ಡಿಸ್ಕ್ 25ರದು. ಶುರುವಿನಲ್ಲಿ ಸರಿ ಇದ್ದ ಮಾತು ಕೊನೆಗೆ ಬರೋ ಹೊತ್ತಿಗೆ ಆರು ನಿಮಿಷ ಹಿಂದೆ. ಸೆಕೆಂಡ್ ಲೆಕ್ಕದಲ್ಲಿ ಜರುಗಿಸುತ್ತಾ ಎರಡು ರಾತ್ರಿ ಹಾಳು ಮಾಡಿದೆ, ಫ್ರೇಮ್ ರೇಟ್ ಬದಲಾಯಿಸಿದರೆ ಎರಡು ನಿಮಿಷದ ಕೆಲಸ. ಆಮೇಲೆ ಬಿಳಿ ಅಕ್ಷರ. ಹಗಲಿನ ದೃಶ್ಯದಲ್ಲಿ ಬಿಳಿ ಧೂಳಿನ ಮೇಲೆ ಏನೂ ಕಾಣದು. ಹಳದಿ ಮಾಡಿ ಕಪ್ಪು ಅಂಚು ಕೊಟ್ಟೆ. ಪೆನ್‌ಡ್ರೈವ್ ಹಾಕಿದರೆ ಪ್ರೊಜೆಕ್ಟರ್ ಕನ್ನಡದ ಬದಲು ಬರೀ ಚೌಕ ತೋರಿಸಿತು. ಕೊನೆಗೆ ಅಕ್ಷರವನ್ನ ವಿಡಿಯೋ ಒಳಗೇ ಸೇರಿಸಿಬಿಟ್ಟೆ.

ಮೊದಲ ಪ್ರದರ್ಶನ ಮಣ್ಣು ಮುಕ್ಕಿತು. 1,800 ಬಾಡಿಗೆಗೆ ತಂದ ಪ್ರೊಜೆಕ್ಟರ್ ಬೆಳಕು ಬುಡ್ಡಿ ದೀಪದಷ್ಟು. ಪರದೆಗೆ ಅಮ್ಮನ ಬೆಡ್‌ಶೀಟ್. ನಾನು ಬರೆದಿದ್ದು "ದಯವಿಟ್ಟು ನಿಧಾನವಾಗಿ ಚಲಾಯಿಸು" ಅನ್ನೋ ಥರದ ಪಠ್ಯಪುಸ್ತಕದ ಕನ್ನಡ, ಜನ ಬಿದ್ದು ಬಿದ್ದು ನಕ್ಕರು. ಲಾರಿ ಹೊರಡೋದೇ ಒಂದು ಗಂಟೆ ಆದಮೇಲೆ, ಅಷ್ಟೊತ್ತಿಗೆ ಉಳಿದಿದ್ದು ಆರು ಜನ, ಇಬ್ಬರಿಗೆ ನಿದ್ದೆ.

ಮಧ್ಯೆ ಇನ್ನೊಂದು ಪ್ರಯೋಗ. 1955ರ ಇನ್ನೊಂದು ಫ್ರೆಂಚ್ ಸಿನಿಮಾ 'ರಿಫಿಫಿ'ಯಲ್ಲಿ ಸುಮಾರು ಅರ್ಧ ಗಂಟೆ ಕಳ್ಳತನದ ದೃಶ್ಯವಿದೆ, ಮಾತಿಲ್ಲ, ಸಂಗೀತವೂ ಇಲ್ಲ. ಸಬ್‌ಟೈಟಲ್ ಖರ್ಚೇ ಇಲ್ಲ ಅಂತ ಅದನ್ನಷ್ಟೇ ನಾಲ್ಕು ಹುಡುಗರಿಗೆ ತೋರಿಸಿದೆ. ಉಸಿರು ಬಿಡದೆ ನೋಡಿದರು. ಆಗ ಧೈರ್ಯ ಬಂತು.

ಎಲ್ಲ ಸಾಲನ್ನೂ ನಮ್ಮ ಮಂಡ್ಯ ಮಾತಿನಲ್ಲಿ ಮತ್ತೆ ಬರೆದೆ. "ನಿಧಾನ ಕಣ್ಲಾ ಮಾರಿಯೋ." ನೈಟ್ರೋಗ್ಲಿಸರಿನ್ ಬರೀ 'ಮದ್ದು' ಆಯಿತು. ಪರದೆ, ಒಳ್ಳೇ ಪ್ರೊಜೆಕ್ಟರ್, ಸ್ಪೀಕರ್, ಟೀ, ಬೋಂಡಾ ಎಲ್ಲ ಸೇರಿ ಏಳು ಸಾವಿರದ ಹತ್ತಿರ ಕೈಯಿಂದ ಹೋಯಿತು. ಮೊದಲ ಒಂದು ಗಂಟೆ ಜನರನ್ನ ಹೇಗೆ ಕೂರಿಸಿದೆ ಅನ್ನೋದನ್ನ ಮಾತ್ರ ಇಲ್ಲಿ ಹೇಳಲ್ಲ. ಬೋಂಡಾ ಅಲ್ಲ, ಅಷ್ಟು ಸುಳಿವು ಸಾಕು.

ಆ ಹಲಗೆ ದೃಶ್ಯ ಬಂತು ನೋಡಿ. ಹಿಂದಿನ ಸಾಲಿನ ಕ್ಲೀನರ್ ಹುಡುಗ ಶುರು ಮಾಡಿದ, "ಬರ್ಲಿ ಬರ್ಲಿ, ರೈಟ್, ಹೋಲ್ಡಾನ್!" ಪೂರ್ತಿ ಅಂಗಳ ಸೇರಿಕೊಂಡಿತು. ಸಬ್‌ಟೈಟಲ್ ಕಡೆ ಯಾರೂ ನೋಡಲೇ ಇಲ್ಲ, ನಾಲ್ಕು ತಿಂಗಳ ಕೆಲಸ!

ಮುಗಿದ ಮೇಲೆ ಒಬ್ಬ ಹಿರಿಯ ಡ್ರೈವರ್ ಹತ್ತಿರ ಬಂದು, ಸಿನಿಮಾದಲ್ಲಿ ಆ ನಾಲ್ವರಿಗೆ ಹೇಳಿದ್ದ ಕೂಲಿ, ತಲೆಗೆ ಎರಡು ಸಾವಿರ ಡಾಲರ್ ಅಂದ್ರೆ ಆಗಿನ ಲೆಕ್ಕದಲ್ಲಿ ಎಷ್ಟು ಅಂತ ಕೇಳಿದರು. ಡಾಲರಿಗೆ ನಾಲ್ಕು ಮುಕ್ಕಾಲು ರೂಪಾಯಿ, ಒಂಬತ್ತೂವರೆ ಸಾವಿರ ಅಂದೆ. ಸ್ವಲ್ಪ ಹೊತ್ತು ಬೀಡಿ ಎಳೆದು, "ಅಡ್ವಾನ್ಸ್ ಏನಾರ ಕೊಟ್ಟಿದ್ರಾ ಬುದ್ಧಿ?" ಅಂದರು. ಅಷ್ಟು ಸಲ ನೋಡಿದ್ದೆ, ಅದು ತಲೆಗೇ ಬಂದಿರಲಿಲ್ಲ.