ಪಾಪನಿವೇದನೆಗೆ ಮೊದಲು ಮದುವೆಯ ಕಾಗದ

2023ರ ತಪಸ್ಸುಕಾಲದ, ಅಂದರೆ ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳ, ಒಂದು ಭಾನುವಾರ, ಚರ್ಚಿನ ಬೆಳಗಿನ ಕನ್ನಡ ಪೂಜೆಯಲ್ಲಿ ನಾನು ನಗೆಪಾಟಲಾದೆ. ಪ್ರಭು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೊಂದಿಗೆ ಹೇಳುತ್ತಿದ್ದೆ. ಕೇಡಿನಿಂದ ಕಾಪಾಡಿ ಎನ್ನುವ ಮಾತು ಬಂದಲ್ಲಿಗೆ ಜನ ಗಕ್ಕನೆ ನಿಲ್ಲಿಸಿದರು. ನಾನು ಮಾತ್ರ ಅದೇ ಓಟದಲ್ಲಿ "ರಾಜ್ಯವೂ ಬಲವೂ ಮಹಿಮೆಯೂ" ಎಂದು ಗಟ್ಟಿಯಾಗಿ ಮುಂದುವರಿದೆ. ಮುಂದಿನ ಬೆಂಚಿನ ಹುಡುಗ ತಿರುಗಿ ನೋಡಿದ. ಪೂಜೆಯಲ್ಲಿ ಆ ಜಾಗದಲ್ಲಿ ಗುರುಗಳು ಒಬ್ಬರೇ ಒಂದು ಸಣ್ಣ ಪ್ರಾರ್ಥನೆ ಹೇಳುತ್ತಾರೆ, ಆಮೇಲೆ ಜನ ಆ ಸಾಲನ್ನು ಹೇಳುತ್ತಾರೆ. ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿಯೇ. ಆದರೆ ಕಥೋಲಿಕ ಧರ್ಮಸಭೆ ಬಿಟ್ಟು ಒಂದು ಸಣ್ಣ ಪ್ರೊಟೆಸ್ಟೆಂಟ್ ಸಭೆಯಲ್ಲಿ ಹಲವು ವರ್ಷ ಕಳೆದು ಆಗಷ್ಟೇ ಮರಳುತ್ತಿದ್ದವಳು ನಾನು. ಪಕ್ಕದಲ್ಲಿದ್ದ ಅಮ್ಮ ಕಣ್ಣು ತೆರೆಯಲಿಲ್ಲ, ಆದರೆ ನನ್ನ ಮೊಣಕೈಯನ್ನು ಮೆಲ್ಲಗೆ ಹಿಡಿದರು.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಹಾಗಾಗಿ ನನಗೆ ಎರಡು ಸಭೆಗಳ ವ್ಯತ್ಯಾಸ ಮೊದಲು ಕಿವಿಗೆ ಬೀಳುವುದು ಸರ್ವನಾಮದಲ್ಲಿ. ಕಥೋಲಿಕರು ದೇವರಿಗೆ ನೀವು ಎನ್ನುತ್ತಾರೆ: "ನಿಮ್ಮ ನಾಮ ಪೂಜಿತವಾಗಲಿ." ಪ್ರೊಟೆಸ್ಟೆಂಟರ ಸತ್ಯವೇದ ನೀನು ಎನ್ನುತ್ತದೆ: "ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ." ಒಬ್ಬರಿಗೆ ಶುಭಸಂದೇಶ, ಇನ್ನೊಬ್ಬರಿಗೆ ಸುವಾರ್ತೆ. ಒಬ್ಬರಿಗೆ ಪಿತ, ಸುತ. ಇನ್ನೊಬ್ಬರಿಗೆ ತಂದೆ, ಮಗ. ಇನ್ನು 'ಪೂಜೆ' ಎಂಬ ಪದವಂತೂ ನಮ್ಮ ಸಭೆಯವರಿಗೆ ಬಿಸಿ ತುಪ್ಪ. ನನಗೂ ಅದನ್ನು ಮತ್ತೆ ಬಾಯಲ್ಲಿ ಹೇಳಲು ತಿಂಗಳುಗಳೇ ಹಿಡಿದವು.

ಬಿಟ್ಟುಹೋದದ್ದೇಕೆ ಎಂದು ಮೊದಲು ಹೇಳಬೇಕು. ಮರಳುವವರು ಹೋದ ಕಾರಣವನ್ನು ಹಗುರ ಮಾಡಿ ಹೇಳುತ್ತಾರೆ, ಅದು ನನಗೆ ಸರಿಕಾಣುವುದಿಲ್ಲ. 2008ರಲ್ಲಿ ಅಪ್ಪ ಮೂತ್ರಪಿಂಡದ ಕಾಯಿಲೆಯಿಂದ ಏಳು ವಾರ ಆಸ್ಪತ್ರೆಯಲ್ಲಿದ್ದರು. ನಮ್ಮದು ದೊಡ್ಡ ಧರ್ಮಕೇಂದ್ರ, ಸಾವಿರಾರು ಕುಟುಂಬ. ಎರಡು ಸಲ ಹೇಳಿಕಳಿಸಿದ ಮೇಲೆ ಒಬ್ಬ ಗುರುಗಳು ಬಂದು, ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಕೊಟ್ಟು ಹತ್ತು ನಿಮಿಷದಲ್ಲಿ ಹೋದರು. ಅವರನ್ನು ದೂರುವಂತಿಲ್ಲ, ಅವರಿಗೆ ಅಂದು ಇನ್ನೂ ನಾಲ್ಕು ಕಡೆ ಹೋಗಬೇಕಿತ್ತು. ಆದರೆ ಪಕ್ಕದ ಹಾಸಿಗೆಯವರನ್ನು ನೋಡಲು ಬರುತ್ತಿದ್ದ ಒಂದು ಸಣ್ಣ ಸಭೆಯ ಹೆಂಗಸರು ನಮ್ಮನ್ನೂ ಮಾತನಾಡಿಸಿದರು. ಟಿಫಿನ್ ಕ್ಯಾರಿಯರ್‌ನಲ್ಲಿ ಅನ್ನ ಸಾರು ತಂದರು. ಅಪ್ಪ ತೀರಿಕೊಂಡ ರಾತ್ರಿ ಶವಾಗಾರದ ಹೊರಗಿನ ಬೆಂಚಿನ ಮೇಲೆ ಅಮ್ಮನ ಜೊತೆ ಬೆಳಗಿನ ತನಕ ಕುಳಿತವರು ಅವರೇ. ಮರುವರ್ಷ ನಾನು ಆ ಸಭೆಗೆ ಹೋಗತೊಡಗಿದೆ. ಟೈಲ್ಸ್ ಅಂಗಡಿಯ ಮೇಲಿನ ಎರಡನೇ ಮಹಡಿ, ಪ್ಲಾಸ್ಟಿಕ್ ಕುರ್ಚಿ, ಒಂದು ಕೀಬೋರ್ಡ್. ಎರಡು ಭಾನುವಾರ ತಪ್ಪಿಸಿಕೊಂಡರೆ ಮೂರನೆಯ ದಿನ ಫೋನ್ ಬರುತ್ತಿತ್ತು.

2010ರ ಜನವರಿಯಲ್ಲಿ ಹೆಸರಘಟ್ಟದ ಕಡೆಯ ತೋಟವೊಂದರ ನೀರಿನ ತೊಟ್ಟಿಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದೆ. ಹಿಂದಿನ ರಾತ್ರಿ ಬಳೆ, ಓಲೆ, ಮಾತೆ ಮರಿಯಮ್ಮನ ಪದಕವಿದ್ದ ಸರ ಎಲ್ಲವನ್ನೂ ತೆಗೆದು ಕರ್ಚೀಫಿನಲ್ಲಿ ಕಟ್ಟಿ ಅಮ್ಮನ ಕೈಗೆ ಕೊಟ್ಟೆ. ಅಮ್ಮ ಏನೂ ಅನ್ನಲಿಲ್ಲ. ಮುಂದಿನ ಹನ್ನೆರಡು ವರ್ಷ ನನ್ನನ್ನು ನೋಡಿದಾಗಲೆಲ್ಲ ಮೊದಲು ನೋಡುತ್ತಿದ್ದದ್ದು ನನ್ನ ಬೋಳು ಕಿವಿಯನ್ನು. 2011ರಲ್ಲಿ ಅದೇ ಸಭೆಯ ಹುಡುಗನೊಂದಿಗೆ, ಅದೇ ಮಹಡಿಯಲ್ಲಿ, ತಾಳಿಯಿಲ್ಲದೆ ನನ್ನ ಮದುವೆಯಾಯಿತು.

ಸಭೆ ನನಗೆ ಕೊಟ್ಟದ್ದು ಸಣ್ಣದಲ್ಲ. ಬೈಬಲನ್ನು ಮೊದಲಿಂದ ಕೊನೆಯ ತನಕ ಮೂರು ಸಲ ಓದಿದೆ. ಲೂಕನ ಮೊದಲೆರಡು ಅಧ್ಯಾಯ, ನಲವತ್ತು ಕೀರ್ತನೆಗಳು ಬಾಯಿಗೆ ಬಂದವು. ಬಾಯಿ ಬಿಟ್ಟು ನನ್ನ ಮಾತಿನಲ್ಲಿ ಪ್ರಾರ್ಥಿಸುವುದನ್ನು ಕಲಿತೆ. ಕಸಿವಿಸಿಯೂ ಇತ್ತು: ಜ್ವರ ಬಂದರೆ ನಂಬಿಕೆ ಸಾಲದು ಎನ್ನುವ ಮಾತು, ಸಂಪಾದನೆಯ ಹತ್ತರಲ್ಲೊಂದು ಪಾಲು ಕೊಡುವ ದಶಮಾಂಶದ ಲೆಕ್ಕ, ಪವಿತ್ರಾತ್ಮನ ವರವೆನ್ನುವ ಅನ್ಯಭಾಷೆ ಬಾರದವರನ್ನು ನೋಡುವ ನೋಟ. ಆದರೆ ಅದಕ್ಕಾಗಿ ನಾನು ಹೊರಡಲಿಲ್ಲ. ಕಿರಿಕಿರಿ ಯಾವ ಮನೆಯಲ್ಲಿಲ್ಲ?

ಹೊರಳಿದ್ದು ಸ್ಮಶಾನದಲ್ಲಿ. 2022ರ ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ. ಅಮ್ಮನಿಗೆ ಮಂಡಿನೋವು, ಒಬ್ಬರೇ ಹೋಗಲಾರರು ಎಂದು ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನಕ್ಕೆ ಜೊತೆಗೆ ಹೋದೆ. ಸಮಾಧಿಗಳ ಮೇಲೆಲ್ಲ ಚೆಂಡುಹೂವು, ಮೇಣದ ವಾಸನೆ. ನಾನು ಎರಡು ಹೆಜ್ಜೆ ದೂರ ನಿಂತಿದ್ದೆ. ಸತ್ತವರಿಗಾಗಿ ಪ್ರಾರ್ಥಿಸಬಾರದು ಎಂದು ಕಲಿತಿದ್ದವಳು. ಅಮ್ಮ ಬಗ್ಗಲು ನೋಡಿದರು, ಆಗಲಿಲ್ಲ. ಬೆಂಕಿಪೊಟ್ಟಣವನ್ನು ನನ್ನತ್ತ ಚಾಚಿ, "ನೀನು ಪ್ರಾರ್ಥನೆ ಮಾಡಬೇಡಮ್ಮ, ಬತ್ತಿ ಮಾತ್ರ ಹಚ್ಚು" ಎಂದರು. ಗಾಳಿಗೆ ಎರಡು ಕಡ್ಡಿ ಆರಿದವು. ಮೂರನೆಯದು ಹತ್ತಿದಾಗ ಅಂಗೈ ಮರೆಮಾಡಿ ಕುಳಿತಿದ್ದೆ, ಅಪ್ಪನ ಹೆಸರಿನ ಮೇಲೆ ಮೇಣ ತೊಟ್ಟಿಕ್ಕುತ್ತಿತ್ತು. ಬಾಯಿಂದ "ಕರ್ತನೇ, ಅಪ್ಪನನ್ನು ನೋಡಿಕೋ" ಎಂದು ತಾನಾಗಿ ಬಂತು. ಹದಿನಾಲ್ಕು ವರ್ಷದಲ್ಲಿ ಅಪ್ಪನ ಹೆಸರನ್ನು ದೇವರ ಮುಂದೆ ಹೇಳಿದ್ದು ಅದೇ ಮೊದಲು.

ಮನೆಗೆ ಬಂದು ಓದಲು ಕುಳಿತೆ. ನನ್ನ ಸತ್ಯವೇದದಲ್ಲಿ 66 ಪುಸ್ತಕ, ಅಮ್ಮನ ಬೈಬಲಿನಲ್ಲಿ 73. ಮಕ್ಕಾಬಿಯರ ಎರಡನೆಯ ಪುಸ್ತಕದ 12ನೇ ಅಧ್ಯಾಯದಲ್ಲಿ ಯೆಹೂದ್ಯರ ಸೇನಾನಿ ಯೂದನು ಯುದ್ಧದಲ್ಲಿ ಸತ್ತ ಸೈನಿಕರಿಗಾಗಿ ಹಣ ಕೂಡಿಸಿ ಯೆರೂಸಲೇಮಿಗೆ ಬಲಿಯರ್ಪಣೆಗೆ ಕಳಿಸುತ್ತಾನೆ. ಅಮ್ಮನ ಬೈಬಲಿನಲ್ಲಿ ಆ ಹಾಳೆಗಳು ಅಂಟಿಕೊಂಡೇ ಇದ್ದವು, ಯಾರೂ ತೆರೆದಿರಲಿಲ್ಲ. ನಗು ಬಂತು: ಪುಸ್ತಕ ಇದ್ದವರು ಓದಿಲ್ಲ, ಓದುವವರ ಬಳಿ ಪುಸ್ತಕವಿಲ್ಲ. ಮರಿಯಮ್ಮನ ವಿಷಯ ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. 'ನಮೋ ಮರಿಯಾ' ಜಪದ ಮೊದಲರ್ಧವೆಲ್ಲ ಲೂಕ 1ರ 28 ಮತ್ತು 42ನೇ ವಚನಗಳೇ, ಸಭೆಯಲ್ಲಿ ಬಾಯಿಪಾಠ ಮಾಡಿದವೇ. ನನ್ನನ್ನು ಅಲುಗಾಡಿಸಿದ್ದು ಪರಮಪ್ರಸಾದ, ಪೂಜೆಯಲ್ಲಿ ಹಂಚುವ ರೊಟ್ಟಿ. ಅಂತಿಯೋಕ್ಯದ ಸಂತ ಇಗ್ನಾಸಿಯಸ್ ಎರಡನೆಯ ಶತಮಾನದ ಆರಂಭದಲ್ಲಿ, ಹುತಾತ್ಮನಾಗಲು ರೋಮ್‌ಗೆ ಒಯ್ಯಲ್ಪಡುತ್ತಿದ್ದಾಗ, ಸ್ಮುರ್ನದವರಿಗೆ ಬರೆದ ಪತ್ರದಲ್ಲಿ ಅದನ್ನು ಯೇಸುವಿನ ಶರೀರವೇ ಎನ್ನುತ್ತಾನೆ, ಹಾಗೆ ಒಪ್ಪದವರು ದೂರ ಉಳಿಯುತ್ತಾರೆ ಎನ್ನುತ್ತಾನೆ. ಅಪೊಸ್ತಲರನ್ನು ಕಂಡವರು ಇನ್ನೂ ಬದುಕಿದ್ದ ಕಾಲ ಅದು. ನಮ್ಮ ಪಾಸ್ಟರ್ ಅವರನ್ನು ಕೇಳಿದೆ. ಸಿಟ್ಟಾಗಲಿಲ್ಲ ಅವರು. "ಸಿಸ್ಟರ್, ಸತ್ಯವೇದದ ಹೊರಗೆ ಯಾಕೆ ಹುಡುಕುತ್ತೀರಿ?" ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ಅವತ್ತು ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಸತ್ಯವೇದದಲ್ಲಿ 66 ಪುಸ್ತಕ ಎಂದು ಹೇಳಿದವರು ಯಾರು ಎನ್ನುವ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು. ವಿಶ್ವಾಸ, ನೀತಿಗಳ ಬೋಧನೆಯನ್ನು ಅಧಿಕೃತವಾಗಿ ನಿರ್ಧರಿಸುವಾಗ ಪೋಪರು ತಪ್ಪುವುದಿಲ್ಲ ಎನ್ನುವ 1870ರ ಘೋಷಣೆಯ ಬಗ್ಗೆ ಇಂದಿಗೂ ನನ್ನಲ್ಲಿ ಗೊಣಗಾಟವಿದೆ. ಒಪ್ಪಿದ್ದೇನೆ, ಪ್ರೀತಿಯಿಂದ ಒಪ್ಪಿಲ್ಲ.

ಈಗ ವ್ಯವಹಾರಕ್ಕೆ ಬರುತ್ತೇನೆ, ಏಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಗುರುಗಳನ್ನು ಹಿಡಿಯಬೇಡಿ, ಅಲ್ಲಿ ಮನೆ ಆಶೀರ್ವಾದದವರು, ಶಾಲಾ ಸೀಟಿನವರು ಸುತ್ತುವರಿದಿರುತ್ತಾರೆ. ವಾರದ ದಿನ ಫೋನ್ ಮಾಡಿ ಸಮಯ ಕೇಳಿ ಹೋಗಿ. ನಾನು ಮೊದಲು ಸೀದಾ ಪಾಪನಿವೇದನೆಗೆ ಹೋಗಿ ಮುಗಿಸಿಬಿಡಬಹುದು ಎಂದುಕೊಂಡಿದ್ದೆ. ಅಳು ಬರುತ್ತದೆ, ಕ್ಷಮೆ ಸಿಗುತ್ತದೆ, ಮನೆಗೆ ಬರುತ್ತೇನೆ. ಗುರುಗಳು ನನ್ನ ಕಥೆ ಪೂರ್ತಿ ಕೇಳಿ, ಕಾಗದವೊಂದನ್ನು ಎಳೆದುಕೊಂಡು, "ಅಮ್ಮ, ಮೊದಲ ಸ್ನಾನದೀಕ್ಷೆ ಎಲ್ಲಿ ಆಯಿತು? ದೃಢೀಕರಣ ಆಗಿದೆಯೇ? ಮದುವೆ ಎಲ್ಲಿ, ಯಾರ ಮುಂದೆ? ನಿಮ್ಮ ಯಜಮಾನರಿಗೆ ಸ್ನಾನದೀಕ್ಷೆ ಕೊಟ್ಟಾಗ ಯಾವ ಮಾತು ಹೇಳಿದರು?" ಎಂದು ಕೇಳಿದರು. ಕೊನೆಯ ಪ್ರಶ್ನೆ ವಿಚಿತ್ರವೆನಿಸಿತು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಕೊಟ್ಟಿದ್ದರೆ ಧರ್ಮಸಭೆ ಅದನ್ನು ಒಪ್ಪುತ್ತದೆ. ಯೇಸುವಿನ ಹೆಸರಿನಲ್ಲಿ ಮಾತ್ರ ಕೊಡುವ ಸಭೆಗಳೂ ಇವೆ, ಅದನ್ನು ಒಪ್ಪುವುದಿಲ್ಲ. ಇವರದು ಮೊದಲ ಬಗೆಯದು, ಬಚಾವಾದೆವು. ನನ್ನ ಹೆಸರಘಟ್ಟದ ಮುಳುಗಿಗೆ ಲೆಕ್ಕವೇ ಇಲ್ಲ, ಶಿಶುವಾಗಿದ್ದಾಗ ಆದದ್ದೇ ನಿಜವಾದದ್ದು, ಅದನ್ನು ಎರಡನೆಯ ಸಲ ಕೊಡಲಾಗದು. ಇದು ಕೇಳಿ ಸಮಾಧಾನವೂ ಆಯಿತು, ಒಂದಿಷ್ಟು ಅವಮಾನವೂ ಆಯಿತು. ಆ ತಣ್ಣನೆಯ ನೀರಿನಲ್ಲಿ ನಾನು ಸುಳ್ಳು ಹೇಳಿರಲಿಲ್ಲ.

ಗಂಟು ಇದ್ದದ್ದು ಮದುವೆಯಲ್ಲಿ. ಕಥೋಲಿಕ ಸ್ನಾನದೀಕ್ಷೆ ಪಡೆದವಳು ಗುರುಗಳ ಮುಂದೆ, ಇಬ್ಬರು ಸಾಕ್ಷಿಗಳ ಮುಂದೆ ಮದುವೆಯಾಗಬೇಕು, ಇಲ್ಲವೇ ಧರ್ಮಾಧ್ಯಕ್ಷರಿಂದ (ಬಿಷಪರಿಂದ) ಮೊದಲೇ ವಿನಾಯಿತಿ ಪಡೆದಿರಬೇಕು. 1983ರ ಧರ್ಮಸಭೆಯ ಕಾನೂನಿನಲ್ಲಿ ನಿಯಮಪೂರ್ವಕವಾಗಿ ಬಿಟ್ಟುಹೋದವರಿಗೆ ಇದು ಅನ್ವಯಿಸುತ್ತಿರಲಿಲ್ಲ. ಪೋಪ್ ಹದಿನಾರನೆಯ ಬೆನೆಡಿಕ್ಟರು 2009ರಲ್ಲಿ ಆ ವಿನಾಯಿತಿಯನ್ನು ತೆಗೆದುಹಾಕಿದರು. ನಾನು ಮದುವೆಯಾದದ್ದು 2011ರಲ್ಲಿ. ಸರ್ಕಾರದ ಲೆಕ್ಕದಲ್ಲಿ ನಾವು ಗಂಡಹೆಂಡತಿ, ಧರ್ಮಸಭೆಯ ಲೆಕ್ಕದಲ್ಲಿ ಅಲ್ಲ. ಅದು ಸರಿಯಾಗುವ ತನಕ ಪಾಪಕ್ಷಮೆಯೂ ಇಲ್ಲ, ಪರಮಪ್ರಸಾದವೂ ಇಲ್ಲ.

ಅವತ್ತು ರಾತ್ರಿ ಇವರಿಗೆ ಹೇಳಿದೆ. ನಾನು ಪೂಜೆಗೆ ಹೋಗುವುದನ್ನು ಇವರು ಸಹಿಸಿಕೊಂಡಿದ್ದರು, ಇದನ್ನು ಸಹಿಸಲಿಲ್ಲ. "ಹನ್ನೆರಡು ವರ್ಷ ಸಂಸಾರ ಮಾಡಿದ್ದೇವೆ. ಈಗ ಇನ್ನೊಂದು ಸಲ ಮದುವೆ ಎಂದರೆ ಇಷ್ಟು ದಿನ ನಾವು ಏನಾಗಿದ್ದೆವು? ಮಗಳಿಗೆ ಏನು ಹೇಳುತ್ತೀಯ?" ಎಂದರು. ನನಗೆ ಮಾತು ಹೊರಡಲಿಲ್ಲ, ಏಕೆಂದರೆ ನನಗೂ ಹಾಗೆಯೇ ಅನ್ನಿಸಿತ್ತು.

ಗುರುಗಳಿಗೆ ಹಾಗೆಯೇ ಹೇಳಿದೆ. ಅವರು ಇನ್ನೊಂದು ದಾರಿ ತೋರಿಸಿದರು. ಲ್ಯಾಟಿನ್‌ನಲ್ಲಿ ಅದಕ್ಕೆ 'sanatio in radice' ಎನ್ನುತ್ತಾರೆ, ಮದುವೆಯನ್ನು ಬೇರಿನಲ್ಲಿಯೇ ಸರಿಪಡಿಸುವುದು ಎಂದು ಅದರ ಅರ್ಥ. ಇಬ್ಬರ ಒಪ್ಪಿಗೆ ಮೊದಲ ದಿನದಿಂದ ಇದ್ದು ಇಂದಿಗೂ ಉಳಿದಿದ್ದರೆ, ಅದೇ ಒಪ್ಪಿಗೆಯನ್ನು ಧರ್ಮಾಧ್ಯಕ್ಷರು ಮಾನ್ಯ ಮಾಡುತ್ತಾರೆ. ಮತ್ತೆ ಉಂಗುರ ಬೇಡ, ಪ್ರತಿಜ್ಞೆ ಬೇಡ, ಇವರು ಚರ್ಚಿನ ಮೆಟ್ಟಿಲು ಹತ್ತುವುದೂ ಬೇಡ. ಇದನ್ನು ಇವರಿಗೆ ವಿವರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ಮದುವೆಯನ್ನೇ ಮದುವೆ ಎನ್ನುತ್ತಾರೆ" ಎಂದರು. ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಮರಳುವ ಯೋಚನೆಯಲ್ಲಿರುವ ವಿವಾಹಿತರು ಪರ್ಗೆಟರಿ (ಸತ್ತ ಮೇಲಿನ ಶುದ್ಧೀಕರಣ), ಪೋಪ್ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಈ ಕಾಗದವನ್ನು ಹೊರತೆಗೆಯಿರಿ ಎಂದು ಅದಕ್ಕೇ ಹೇಳುವುದು.

ದಾಖಲೆಗಳಿಗೆ ಓಡಾಟ ಇದ್ದೇ ಇತ್ತು. ಹಳೆಯ ಪ್ರಮಾಣಪತ್ರ ಸಾಲದು, ಸ್ನಾನದೀಕ್ಷೆ ಆದ ಚರ್ಚಿನಿಂದ ಹೊಸದಾಗಿ ಬರೆಸಿದ್ದು ಬೇಕು, ಏಕೆಂದರೆ ಮದುವೆಯಾದರೆ ಅದೇ ದಾಖಲೆ ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ಅಮ್ಮ ಹೆರಿಗೆಗೆ ತವರಿಗೆ ಹೋಗಿದ್ದರಿಂದ ನನ್ನದು ಕನಕಪುರದ ಕಡೆಯ ಹಳ್ಳಿಯ ಚರ್ಚಿನಲ್ಲಿತ್ತು. ರಟ್ಟು ಕಿತ್ತ ಪುಸ್ತಕ, ನೀಲಿ ಶಾಯಿ, ಅಪ್ಪನ ಸಹಿ. ನನ್ನ ಸಾಲಿನ ಕೊನೆಯಲ್ಲಿ ಮದುವೆಯ ಅಂಕಣ ಖಾಲಿಯಿತ್ತು. ಮೇಲಿನ, ಕೆಳಗಿನ ಸಾಲುಗಳು ತುಂಬಿದ್ದವು.

ಮಾರ್ಚ್‌ನಿಂದ ನವೆಂಬರ್ ತನಕ, ಎಂಟು ತಿಂಗಳು, ಪರಮಪ್ರಸಾದದ ಹೊತ್ತಿಗೆ ನಾನು ಬೆಂಚಿನಲ್ಲೇ ಕುಳಿತಿರುತ್ತಿದ್ದೆ. ನಮ್ಮ ಸಾಲಿನವರು ಹೊರಡುವಾಗ ಕಾಲು ಮಡಚಿ ದಾರಿ ಬಿಡುತ್ತಿದ್ದೆ, ಬರುವಾಗ ಮತ್ತೆ ಮಡಚುತ್ತಿದ್ದೆ. ಒಬ್ಬ ಅಜ್ಜಿ ಪ್ರತಿ ವಾರವೂ "ಬಾಮ್ಮ" ಎಂದು ಕೈಸನ್ನೆ ಮಾಡುತ್ತಿದ್ದರು. ಸೆಪ್ಟೆಂಬರ್ 8ರಂದು, ಮರಿಯಮ್ಮನ ಹಬ್ಬಕ್ಕೆ, ಅಮ್ಮನ ಜೊತೆ ಶಿವಾಜಿನಗರದ ಬಸಿಲಿಕಾಕ್ಕೂ ಹೋದೆ. ಕಾವಿ ಬಟ್ಟೆಯ ಜನಸಾಗರ, ಸೀರೆ ಉಡಿಸಿದ ಮಾತೆಯ ತೇರು. ಮುಗಿಬೀಳುವ ಆ ಭಕ್ತಿ ನನಗೆ ಈಗಲೂ ಒಗ್ಗಿಲ್ಲ. ಅಮ್ಮನ ಕೈ ಬಿಡದೆ ಅಂಚಿನಲ್ಲಿ ನಿಂತಿದ್ದೆ, ಅಷ್ಟೇ.

ನವೆಂಬರ್‌ನಲ್ಲಿ ಮಹಾಧರ್ಮಾಧ್ಯಕ್ಷರ ನಿವಾಸದಿಂದ ಪತ್ರ ಬಂತು. ಆ ಶನಿವಾರ ಸಂಜೆಯೇ ಪಾಪನಿವೇದನೆಗೆ ಹೋದೆ. "ಹದಿನೈದು ವರ್ಷಗಳಾದವು" ಎಂದು ಶುರುಮಾಡಿದವಳಿಗೆ ಪಶ್ಚಾತ್ತಾಪದ ಜಪ ಮರೆತೇಹೋಗಿತ್ತು. ಗುರುಗಳು ಲ್ಯಾಮಿನೇಟ್ ಮಾಡಿದ ಚೀಟಿಯೊಂದನ್ನು ಜಾಲರಿಯ ಕೆಳಗಿನಿಂದ ತಳ್ಳಿದರು. ಪ್ರಾಯಶ್ಚಿತ್ತವಾಗಿ 51ನೇ ಕೀರ್ತನೆ ಹೇಳಲು ಹೇಳಿ, "ಪುಸ್ತಕ ಬೇಕೇ?" ಎಂದು ಕೇಳಿದರು. ಬೇಕಿರಲಿಲ್ಲ. ಟೈಲ್ಸ್ ಅಂಗಡಿಯ ಮೇಲೆ ಕಲಿತದ್ದನ್ನೇ ಹೇಳಿದೆ.

ಸಭೆಗೆ ನಾನೇ ಹೋಗಿ ತಿಳಿಸಿದೆ. ಇಬ್ಬರು ಅತ್ತರು, ಒಬ್ಬರು ಇಂದಿಗೂ ಮಾತನಾಡುವುದಿಲ್ಲ. ಅಂದು ಆಸ್ಪತ್ರೆಗೆ ಅನ್ನ ತಂದಿದ್ದ ಅಕ್ಕ ಮಾತ್ರ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ, ನಾನು ಯಾವಾಗ ಹಿಂತಿರುಗುತ್ತೇನೆ ಎಂದು ಕೇಳುತ್ತಾರೆ. ಭಾನುವಾರ ಇವರು ನನ್ನನ್ನು ಸ್ಕೂಟರ್‌ನಲ್ಲಿ ಚರ್ಚಿನ ಗೇಟಿಗೆ ಬಿಟ್ಟು, ಆಮೇಲೆ ಮಗಳೊಂದಿಗೆ ಸಭೆಗೆ ಹೋಗುತ್ತಾರೆ. ಮಗಳನ್ನು ಕಥೋಲಿಕಳಾಗಿ ಬೆಳೆಸಲು ನನ್ನ ಕೈಲಾದದ್ದನ್ನು ಮಾಡುತ್ತೇನೆ ಎಂದು ಬರೆದುಕೊಟ್ಟಿದ್ದೇನೆ. ಕೈಲಾಗುವುದು ಎಷ್ಟು ಎಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಓಲೆ ಹಾಕಿಕೊಳ್ಳಲು ಹೋದರೆ ಎಡಗಿವಿಯ ತೂತು ಮುಚ್ಚಿಕೊಂಡಿದೆ, ಮತ್ತೆ ಚುಚ್ಚಿಸಬೇಕು.

ರಾತ್ರಿ ಊಟಕ್ಕೆ ಮೊದಲು ಮೂವರೂ ಒಟ್ಟಿಗೆ ಪ್ರಾರ್ಥಿಸುತ್ತೇವೆ. ಮೊನ್ನೆ ನಾನು ಅಭ್ಯಾಸಬಲದಿಂದ 'ನಿಮ್ಮ ನಾಮ' ಎಂದೆ, ಇವರು 'ನಿನ್ನ ನಾಮವು' ಎಂದರು, ಇಬ್ಬರೂ ತಡವರಿಸಿ ನಿಂತೆವು. ಮಗಳು ಒಂದು ಕಣ್ಣು ತೆರೆದು, "ದೇವರಿಗೆ ನೀನು ಅನ್ನಬೇಕೋ ನೀವು ಅನ್ನಬೇಕೋ?" ಎಂದು ಕೇಳಿದಳು.

"ನಿಮ್ಮಮ್ಮ ಕನ್ನಡ ಮೇಷ್ಟರು, ಅವಳನ್ನೇ ಕೇಳು" ಎಂದು ಇವರು ಅನ್ನದ ಪಾತ್ರೆಯ ಮುಚ್ಚಳ ತೆಗೆದರು.