ಊರಲ್ಲಿ ‘ಸಂಸ್ಕಾರ’ ತೋರಿಸುವುದು ಹೇಗೆ

ನೋಟಿಸಿನಲ್ಲಿ ‘ಒಮ್ಮೆ ನಿಷೇಧವಾಗಿದ್ದ ಸಿನಿಮಾ’ ಅಂತ ಮಾತ್ರ ಹಾಕಬೇಡಿ. ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ವಾಚನಾಲಯದಲ್ಲಿ ನಾವು ಹಾಗೆ ಹಾಕಿ ಕೆಟ್ಟೆವು. ಜನ ಏನೋ ತುಂಬಾ ಬಂದರು, ಆದರೆ ‘ಆ ಸೀನು ಯಾವಾಗ ಬರ್ತದೆ’ ಅಂತ ಕಾಯುತ್ತಾ ಕೂತವರೇ ಜಾಸ್ತಿ. ನಿಷೇಧದ ಕಥೆ ಚಾ ಕುಡಿಯುವಾಗ ಹೇಳಿ, ಸಿನಿಮಾ ಮುಗಿದ ಮೇಲೆ.

ದಿನ ನೋಡಿ ಇಡಿ. ಜೋರು ಮಳೆಯ ಆಟಿ ತಿಂಗಳಲ್ಲಿ ಬೇಡವೇ ಬೇಡ, ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಮಾತು ಒಂದೂ ಕೇಳುವುದಿಲ್ಲ. ದೀಪಾವಳಿ ಕಳೆದರೆ ಯಕ್ಷಗಾನ ಮೇಳಗಳು ಹೊರಡುತ್ತವೆ, ಹತ್ತಿರದಲ್ಲಿ ಬಯಲಾಟ ಇದ್ದ ದಿನ ನಿಮ್ಮ ಸಿನಿಮಾಕ್ಕೆ ಯಾರು ಬರ್ತಾರೆ? ಮಳೆ ಬಿಟ್ಟು ಮೇಳ ಹೊರಡುವ ನಡುವೆ ಸಿಗುವ ಕೆಲವು ವಾರ ಒಳ್ಳೆಯದು.

ಹಕ್ಕು ಯಾರ ಹತ್ತಿರ ಇದೆಯೋ ಅವರ ಒಪ್ಪಿಗೆ ಕಾಗದದಲ್ಲಿ ತಗೊಳ್ಳಿ. ಹಳೇ ಸಿನಿಮಾ ಅಲ್ವಾ ಅನ್ನಬೇಡಿ. ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ ಇರುತ್ತದೆ, ಇದು 1970ರದ್ದು, ಅಂದರೆ 2030 ಮುಗಿಯುವ ತನಕ. ಯೂಟ್ಯೂಬಿನಲ್ಲಿ ಸಿಕ್ಕಿತು ಅಂದರೆ ಒಪ್ಪಿಗೆ ಸಿಕ್ಕಿತು ಅಂತ ಅಲ್ಲ.

ಪರದೆಗೆ ಬಿಳಿ ಪಂಚೆ ಸಾಕು, ಆದರೆ ಕೆಳಗಿನ ಅಂಚಿಗೆ ಬಿದಿರಿನ ಕೋಲು ಹೊಲಿಯಿರಿ. ನಮ್ಮಲ್ಲಿ ಫ್ಯಾನಿನ ಗಾಳಿಗೆ ಪಂಚೆ ಅಲುಗಿ, ಕಥೆಯ ಮುಖ್ಯ ಪಾತ್ರವಾದ ಪಂಡಿತ ಪ್ರಾಣೇಶಾಚಾರ್ಯರ ಮುಖ, ಅಂದರೆ ಗಿರೀಶ ಕಾರ್ನಾಡರ ಮುಖ, ಬಾಯಿಂದ ಕೆಳಗೆ ಒಂದೇ ಸಮ ಕುಣಿಯುತ್ತಿತ್ತು. ಮಕ್ಕಳಿಗೆ ನಗುವೋ ನಗು. ಕಪ್ಪು ಬಿಳುಪಿನ ಚಿತ್ರ, ಹೊರಗಿನ ಟ್ಯೂಬ್‌ಲೈಟೂ ಆರಿಸಿಸಿ.

ಮಲಯಾಳಂ ಮಾತ್ರ ಗೊತ್ತಿರುವ ಗೆಳೆಯರೂ ಬರುತ್ತಾರೆ. ಶುರುವಿಗೆ ಐದೇ ನಿಮಿಷ ಅವರ ಭಾಷೆಯಲ್ಲಿ ಹೇಳಿ: ಅಗ್ರಹಾರದ ಕಟ್ಟುಕಟ್ಟಳೆಯನ್ನೆಲ್ಲ ಮುರಿದ ನಾರಣಪ್ಪ ಸತ್ತಿದ್ದಾನೆ, ಹೆಣ ಸುಡುವವರು ಯಾರು ಅಂತ ತೀರ್ಮಾನ ಆಗುತ್ತಿಲ್ಲ, ಹೆಣ ಸುಡುವ ತನಕ ಯಾರೂ ಊಟ ಮಾಡುವ ಹಾಗಿಲ್ಲ. ಇಷ್ಟು ಸಾಕು, ಉಳಿದದ್ದನ್ನು ಮುಖಗಳೇ ಹೇಳುತ್ತವೆ.

ಚಾ ಹೊತ್ತಿಗೆ ಹೇಳಬೇಕಾದ ಕಥೆ ಇದು. ಅನಂತಮೂರ್ತಿಯವರ ಕಾದಂಬರಿ 1965ರದ್ದು. ಪಟ್ಟಾಭಿರಾಮ ರೆಡ್ಡಿ ಶೃಂಗೇರಿ ಹತ್ತಿರ ಚಿತ್ರ ತೆಗೆದರು, ಕ್ಯಾಮೆರಾ ಹಿಡಿದದ್ದು ಆಸ್ಟ್ರೇಲಿಯಾದ ಟಾಮ್ ಕೋವನ್, ನಾರಣಪ್ಪ ಆದದ್ದು ಲಂಕೇಶ್. ಜಾತಿಯ ವಿಷಯಕ್ಕೆ ಗಲಾಟೆ ಆದೀತು ಅಂತ ಮದ್ರಾಸಿನ ಸೆನ್ಸಾರ್ ತಡೆಯಿತು. ಆಮೇಲೆ ಕೇಂದ್ರದ ಮಟ್ಟದಲ್ಲಿ ಬಿಡುಗಡೆ ಸಿಕ್ಕಿತು, ಮತ್ತೆ ಅದೇ ಚಿತ್ರಕ್ಕೆ 1970ರ ಸ್ವರ್ಣಕಮಲ, ಅಂದರೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ! ಕನ್ನಡಕ್ಕೆ ಅದೇ ಮೊದಲನೆಯದು. ನಾರಣಪ್ಪನ ಜೊತೆ ಬಾಳಿದ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡು, ಹೊರಬಂದ ಸ್ವಲ್ಪದರಲ್ಲೇ 1977ರಲ್ಲಿ ತೀರಿಕೊಂಡರು. ಇದನ್ನು ಹೇಳುವಾಗ ಅವಸರ ಮಾಡಬೇಡಿ.

ಯಾರಾದರೂ ಸಿಟ್ಟಾಗುತ್ತಾರೆ, ಅದಕ್ಕೂ ತಯಾರಿರಿ. ನಮ್ಮಲ್ಲಿ ಒಬ್ಬರು ಮಾವ ಎದ್ದು ನಿಂತು, “ನಮ್ಮೋರ ಹೀಂಗೆ ತೋರ್ಸುಲಕ್ಕೋ ಮಾಣಿ?” ಅಂದರು. ವಾದಕ್ಕೆ ಇಳಿಯಬೇಡಿ, ಗೆದ್ದರೂ ಮುಂದಿನ ಸಲ ಅವರು ಬರುವುದಿಲ್ಲ. ನಾನು ಕೇಳಿದ್ದು ಇಷ್ಟೇ: “ಮಾವ, ನಿಮ್ಮ ನೆರೆಮನೆಯಲ್ಲಿ ಹೀಗೆ ಆಗಿದ್ರೆ ನೀವೇನು ಮಾಡ್ತಿದ್ರಿ?” ಅವರು ಕೂತರು. ಸ್ವಲ್ಪ ಹೊತ್ತು ಬಿಟ್ಟು, ಆ ಚಂದ್ರಿ ರಾತ್ರಿ ಗುಟ್ಟಿನಲ್ಲಿ ಹೆಣ ಸುಡಿಸಿದ ಮೇಲೂ ಈ ಅಗ್ರಹಾರದವರಿಗೆ ಗೊತ್ತೇ ಆಗಲಿಲ್ಲವಲ್ಲ, ಅಂತ ತಮ್ಮಷ್ಟಕ್ಕೆ ಹೇಳಿಕೊಂಡರು. ಆ ಮಾತಿನಿಂದ ಚರ್ಚೆ ಹೊತ್ತಿಕೊಂಡಿತು, ಕೊನೆಯ ಬಸ್ಸು ತಪ್ಪಿತು. ಹಾಗಾಗಿ ಸಂಜೆ ಐದಕ್ಕೇ ಶುರು ಮಾಡಿ, ಒಂದು ಜೀಪೂ ಹೇಳಿಟ್ಟಿರಿ.