ಮಸೂರಾಕಾರದ ಗ್ಯಾಲಕ್ಸಿಯನ್ನು ಕಣ್ಣಾರೆ ನೋಡುವುದು ಹೇಗೆ?

ದೂರದರ್ಶಕದಲ್ಲಿ ಏನೂ ಕಾಣಲಿಲ್ಲ ಎಂದು ಎದ್ದುಹೋಗುವವರು ಸಾಮಾನ್ಯವಾಗಿ ನೋಡಿದ್ದು ಸರಿಯಾದ ಜಾಗವನ್ನೇ. ನೋಡುವ ಬಗೆ ಮಾತ್ರ ತಪ್ಪು.

ಮೊದಲ ಸಲಕ್ಕೆ ಎನ್‌ಜಿಸಿ (ಆಕಾಶಕಾಯಗಳ ಒಂದು ಪಟ್ಟಿ) 3115 ಎಂಬ ಮಸೂರಾಕಾರದ ಗ್ಯಾಲಕ್ಸಿ ಒಳ್ಳೆಯದು. 1787ರ ಫೆಬ್ರುವರಿ 22ರಂದು ಖಗೋಳಜ್ಞ ವಿಲಿಯಂ ಹರ್ಷೆಲ್ ಇದನ್ನು ಪತ್ತೆಹಚ್ಚಿದರು. ದೂರ ಸುಮಾರು 3 ಕೋಟಿ ಜ್ಯೋತಿರ್ವರ್ಷ. ತಟ್ಟೆಯಿದೆ, ಸುರುಳಿ ತೋಳುಗಳಿಲ್ಲ. ಹೊಸ ನಕ್ಷತ್ರ ಹುಟ್ಟಲು ಬೇಕಾದ ಅನಿಲ ಬಹುಪಾಲು ಮುಗಿದಿದೆ. ಅಂಚಿನಿಂದ ಕಾಣುವುದರಿಂದ ನೂಲು ಸುತ್ತಿದ ಕದಿರಿನಂತಿದೆ.

1. ಮಾರ್ಚ್ ಅಥವಾ ಏಪ್ರಿಲ್, ಚಂದ್ರನಿಲ್ಲದ ರಾತ್ರಿ, ದೀಪಗಳಿಂದ ದೂರ.

2. ಆರು ಇಂಚು ಅಗಲದ ಕನ್ನಡಿಯ ದೂರದರ್ಶಕ ಸಾಕು, ಎಂಟಾದರೆ ನೆಮ್ಮದಿ. ಡಬ್ಬಿಯ ಮೇಲೆ '525 ಪಟ್ಟು' ಹಿಗ್ಗಿಸುತ್ತದೆ ಎಂದು ಬರೆದ ಪುಟ್ಟ ಕೊಳವೆಯನ್ನು ಕೊಳ್ಳಲೇಬೇಡಿ. ಬೆಳಕು ಹಿಡಿಯುವುದು ಕನ್ನಡಿಯ ಅಗಲ. ಪಟ್ಟು ಹೆಚ್ಚಿದಷ್ಟೂ ಮಂಕೇ ದೊಡ್ಡದಾಗುತ್ತದೆ.

3. ಹೈಡ್ರಾ ನಕ್ಷತ್ರಪುಂಜದ ಅಲ್ಫಾರ್ಡ್ ನಕ್ಷತ್ರದಿಂದ ಪೂರ್ವಕ್ಕೆ ಸುಮಾರು 6 ಡಿಗ್ರಿ ಸರಿದರೆ ಗಾಮಾ ಸೆಕ್ಸ್ಟಂಟಿಸ್ ಎಂಬ ನಕ್ಷತ್ರ. ಅದೇ ದಿಕ್ಕಿನಲ್ಲಿ ಇನ್ನೂ 3 ಡಿಗ್ರಿ, ಉತ್ತರಕ್ಕೆ ಕೂದಲೆಳೆಯಷ್ಟು ಹೊರಳಿ. ಗುಂಡಿ ಒತ್ತಿದರೆ ತಾನೇ ತಿರುಗುವ ಯಂತ್ರಗಳಿವೆ, ಬಳಸಿ. ಆಕಾಶ ಮಾತ್ರ ಕಲಿಯಲಾರಿರಿ.

4. ಈಗ ಕಣ್ಣು. ಅರ್ಧ ಗಂಟೆ ಕತ್ತಲಲ್ಲಿರಿ. ನಡುವೆ ಫೋನ್ ತೆರೆದರೆ ಲೆಕ್ಕ ಮತ್ತೆ ಮೊದಲಿನಿಂದ. ಅದರ ರಾತ್ರಿ ಮೋಡ್ ನಂಬಬೇಡಿ, ಆ ಬೆಳಕು ಬರೀ ಹಳದಿ. ನಕ್ಷೆ ಓದಲು ಮಂದ ಕೆಂಪು ಟಾರ್ಚ್ ಇರಲಿ. ಐಪೀಸ್‌ನಲ್ಲಿ (ಕಣ್ಣಿಟ್ಟು ನೋಡುವ ಮಸೂರ) ಗ್ಯಾಲಕ್ಸಿಯನ್ನು ನೇರ ದಿಟ್ಟಿಸಬೇಡಿ. ಮಂದ ಬೆಳಕನ್ನು ಗ್ರಹಿಸುವ ಕೋಶಗಳು ರೆಟಿನಾದ ನಟ್ಟನಡುವೆ ಇಲ್ಲ, ಸುತ್ತ ಇವೆ. ಬಲಗಣ್ಣಿನಲ್ಲಿ ನೋಡುತ್ತಿದ್ದರೆ ದೃಷ್ಟಿಯನ್ನು ಗ್ಯಾಲಕ್ಸಿಯ ಬಲಕ್ಕೆ ನೆಟ್ಟು, ಗಮನವನ್ನು ಮಾತ್ರ ಗ್ಯಾಲಕ್ಸಿಯ ಮೇಲಿಡಿ. ಎಡಗಣ್ಣಾದರೆ ಎಡಕ್ಕೆ. ತಿರುವುಮುರುವಾದರೆ ಅದು ಕಣ್ಣಿನ ಕುರುಡುಚುಕ್ಕೆಗೆ ಬಿದ್ದು ಮಾಯವಾಗಬಹುದು. ಉಸಿರು ಬಿಗಿಹಿಡಿಯಬೇಡಿ. ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ: ಅಲುಗುವ ಮಸುಕು ನಿಂತ ಮಸುಕಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ. ಹತ್ತು ನಿಮಿಷ ಹೀಗೆಯೇ ನೋಡಿ. ಮೊದಲು ನಡುವಿನ ಹೊಳಪು, ಆಮೇಲೆ ಎರಡೂ ಕಡೆ ಚೂಪಾಗುವ ತುದಿಗಳು. ಬಣ್ಣ ಕಾಣುವುದಿಲ್ಲ, ಫೋಟೊಗಳನ್ನು ಮರೆತುಬಿಡಿ.

5. ಹುಡುಕಲು 40 ಪಟ್ಟು, ಸಿಕ್ಕ ಮೇಲೆ 120ರ ಸುಮಾರಿಗೆ ಏರಿಸಿ.

ಆ ನಡುವಿನ ಹೊಳಪಿನಲ್ಲಿ ಸುಮಾರು 100 ಕೋಟಿ ಸೂರ್ಯರ ತೂಕದ ಕಪ್ಪುಕುಳಿಯಿದೆ ಎಂಬುದಕ್ಕೆ ಖಗೋಳಜ್ಞರಾದ ಜಾನ್ ಕಾರ್ಮೆಂಡಿ ಮತ್ತು ಡಗ್ಲಸ್ ರಿಚ್‌ಸ್ಟೋನ್ 1992ರಲ್ಲಿ ಪುರಾವೆ ಕೊಟ್ಟರು. ಸುತ್ತಲಿನ ನಕ್ಷತ್ರಗಳ ವೇಗವೇ ಅವರಿಗೆ ಸಾಕ್ಷಿ.

ಇದು ಒಲಿದರೆ ಮುಂದೆ ಡ್ರೇಕೊ ನಕ್ಷತ್ರಪುಂಜದ ಎನ್‌ಜಿಸಿ 5866. ಅದೂ ಅಂಚಿನಿಂದ ಕಾಣುವ ಮಸೂರಾಕಾರದ್ದೇ, ಆದರೆ ನಡುವಿನ ದೂಳಿನ ಗೆರೆ ಬೇಕೆಂದರೆ ಆರು ಇಂಚು ಸಾಲದು.